ಗ್ರಂಥದ ವರ್ಣವೂ ಗ್ರಾಮದ ಜಾತಿಯೂ

ಒಂದು ಊರಿನಲ್ಲಿ ಯಾರು ಯಾರ ಮನೆಯ ನೀರನ್ನು ಕುಡಿಯುವರು, ಯಾರು ಯಾರ ಜಗಲಿಯ ಮೇಲೆ ಕುಳಿತುಕೊಳ್ಳುವರು, ದನವು ಪೈರು ಮೇದರೆ ನ್ಯಾಯಕ್ಕಾಗಿ ಯಾರ ಬಾಗಿಲಿಗೆ ಹೋಗುವರು ಎಂಬುದು ಶಾಸ್ತ್ರವಿಚಾರಕ್ಕೆ ತಕ್ಕ ವಿಷಯವೆಂದು ನಾಡಿನ ಪಂಡಿತವರ್ಗವು ಬಹುಕಾಲ ಭಾವಿಸಿರಲಿಲ್ಲ. ವರ್ಣಗಳು ನಾಲ್ಕು, ಅವುಗಳ ಧರ್ಮಗಳು ಇಂತಿಂತಹವು ಎಂದು ಸ್ಮೃತಿಗಳಲ್ಲಿ ನಿರ್ಣೀತವಾಗಿರುವಾಗ ಬಾವಿಕಟ್ಟೆಯ ಬಳಿ ನಿಂತು ನೋಡಬೇಕಾದುದೇನು ಎಂಬುದೇ ಆ ವರ್ಗದ ಭಾವನೆಯಾಗಿತ್ತು. ಈ ಭಾವನೆಯನ್ನು ಬುಡಸಹಿತ ಅಲುಗಿಸಿದವರಲ್ಲಿ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು (1916–1999) ಮುಖ್ಯರು. ಗ್ರಂಥದಿಂದ ಕಾಣುವ ಸಮಾಜವು ಬೇರೆ, ಕ್ಷೇತ್ರದಲ್ಲಿ ಕಾಣುವ ಸಮಾಜವು ಬೇರೆ ಎಂಬುದು ಅವರ ಬರಹಗಳೆಲ್ಲಕ್ಕೂ ಅಸ್ತಿಭಾರವಾಗಿದೆ. ಪಾಠಶಾಲೆಗಳಲ್ಲಿ ಧರ್ಮಶಾಸ್ತ್ರವನ್ನು ಕಲಿತವರಿಗೆ ಈ ಮಾತು ಕಹಿಯಾದರೂ ಕೇಳದೆ ಗತಿಯಿಲ್ಲ.

ಶ್ರೀನಿವಾಸರು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿದ್ದು, ಅನಂತರ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನರ ಬಳಿ ವ್ಯಾಸಂಗ ಮಾಡಿದವರು. ಸಮಾಜವು ಒಂದು ದೇಹದಂತಿರುವುದು, ಅದರ ಪ್ರತಿಯೊಂದು ಸಂಪ್ರದಾಯವೂ ಆ ದೇಹವನ್ನು ಉಳಿಸುವ ಅವಯವದಂತೆ ಕೆಲಸ ಮಾಡುವುದು ಎಂಬುದು ಆ ಗುರುಗಳ ಮತ. ಸಮಾಜವನ್ನು ಪುರುಷನ ಅಂಗಗಳಾಗಿ ಕಂಡ ವೈದಿಕ ಕಲ್ಪನೆಯನ್ನು ಬಲ್ಲವರಿಗೆ ಈ ಉಪಮೆಯು ಹೊಸದಲ್ಲ. ಅದರ ದೋಷವೂ ಹೊಸದಲ್ಲ. ದೇಹದಲ್ಲಿ ಪಾದವು ತಾನು ಶಿರಸ್ಸಾಗಬೇಕೆಂದು ವ್ಯಾಜ್ಯ ಹೂಡುವುದಿಲ್ಲ, ಊರಿನಲ್ಲಿ ಹೂಡುವುದು. ಈ ವ್ಯಾಜ್ಯವನ್ನು ಕಣ್ಣಾರೆ ಕಂಡುದರಿಂದಲೇ ಶಿಷ್ಯರ ಬರಹವು ಗುರುಗಳ ಸೂತ್ರಕ್ಕಿಂತ ಸಜೀವವಾಯಿತೆನ್ನಬೇಕು.

1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹಲವು ತಿಂಗಳು ನೆಲಸಿದರು. ಅದಕ್ಕೆ ಗ್ರಂಥದಲ್ಲಿ ರಾಂಪುರವೆಂಬ ಹೆಸರನ್ನು ಇಟ್ಟಿರುವರು. ಅಲ್ಲಿ ಒಕ್ಕಲಿಗರು ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು. ಜಮೀನಿನ ಹೆಚ್ಚು ಭಾಗವೂ ಅವರದೇ. ಬ್ರಾಹ್ಮಣನು ಪೂಜೆಗೆ ಮುಂದೆ ನಿಲ್ಲುವನು, ಆದರೆ ಬೇರೆ ಬೇರೆ ಜಾತಿಗಳ ಒಳಜಗಳಗಳು ಕೂಡ ತೀರ್ಮಾನಕ್ಕೆ ಬರುತ್ತಿದ್ದುದು ಒಕ್ಕಲಿಗ ಹಿರಿಯರ ಮುಂದೆ. ಆ ಹಿರಿಯರಾದರೂ ತಮ್ಮ ಜಾತಿಯ ಕಟ್ಟಳೆಯನ್ನು ಇತರರ ಮೇಲೆ ಹೇರದೆ, ಆಯಾ ಜಾತಿಯ ವಾಡಿಕೆಯನ್ನೇ ವಿಚಾರಿಸಿ ನ್ಯಾಯ ಹೇಳುತ್ತಿದ್ದರು. ಸಂಖ್ಯೆ, ಭೂಮಿ, ಆಚಾರದಲ್ಲಿ ತೀರ ಕೆಳಗಲ್ಲದ ಸ್ಥಾನ, ಕಾಲಕ್ರಮದಲ್ಲಿ ವಿದ್ಯೆ ಮತ್ತು ಉದ್ಯೋಗ ಇವು ಸೇರಿದರೆ ಒಂದು ಜಾತಿಯು ಊರನ್ನು ಆಳುವುದೆಂದು 1959ರ ಪ್ರಬಂಧದಲ್ಲಿ ಅವರು ನಿರೂಪಿಸಿ, ಅಂತಹುದಕ್ಕೆ ಪ್ರಬಲ ಜಾತಿಯೆಂದು ಹೆಸರಿಟ್ಟರು. ಈ ಸಿದ್ಧಾಂತವು ಇಂದಿಗೂ ಅಷ್ಟಾಗಿ ಸವೆದಿಲ್ಲ. ಹೊಲ, ನೀರು, ಜೀತದಾಳುಗಳ ಲೆಕ್ಕ ಹಿಡಿದು ಅದು ಮಾತನಾಡುವುದೇ ಇದಕ್ಕೆ ಕಾರಣ. ಸ್ಮೃತಿಗಳಲ್ಲಿ ಕೊನೆಯ ವರ್ಣಕ್ಕೆ ಸೇರಿಸಲ್ಪಟ್ಟವನ ಜಗಲಿಯ ಮುಂದೆ ಮೊದಲನೆಯ ವರ್ಣದವನು ಕೈಕಟ್ಟಿ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಯಾವ ವ್ಯಾಖ್ಯಾನಕಾರನೂ ಇಷ್ಟು ನೇರವಾದ ಉತ್ತರವನ್ನು ಕೊಟ್ಟಿರಲಿಲ್ಲ.

ಅವರ ಇನ್ನೊಂದು ಸಿದ್ಧಾಂತದ ವಿಷಯದಲ್ಲಿ ಹೀಗೆ ಹೇಳುವುದು ಕಷ್ಟ. ಕೆಳಗಿನ ಜಾತಿಯೊಂದು ಮಾಂಸಮದ್ಯಗಳನ್ನು ಬಿಟ್ಟು, ಮೇಲಿನವರ ಆಚಾರ, ವ್ರತ, ದೇವತೆಗಳನ್ನು ಸ್ವೀಕರಿಸಿ ಒಂದೆರಡು ತಲೆಮಾರುಗಳಲ್ಲಿ ಮೇಲೇರಲು ಯತ್ನಿಸುವುದನ್ನು, ಕೊಡಗರನ್ನು ಕುರಿತ 1952ರ ಗ್ರಂಥದಲ್ಲಿ ಅವರು ಸಂಸ್ಕೃತೀಕರಣವೆಂದು ಕರೆದರು. ಪದವು ವೈಯಾಕರಣರ ಚ್ವಿ ಪ್ರತ್ಯಯದಿಂದಾದುದು. ಬೆಳ್ಳಗಿಲ್ಲದುದನ್ನು ಬೆಳ್ಳಗೆ ಮಾಡುವುದು ಶುಕ್ಲೀಕರಣ. ಮೊದಲು ಹಾಗಿಲ್ಲದುದು ಹಾಗಾದಾಗ ಮಾತ್ರ ಈ ಪ್ರತ್ಯಯವು ಬರುವುದು. ಆದುದರಿಂದ ಸಂಸ್ಕೃತೀಕರಣವೆಂದೊಡನೆ, ಅದಕ್ಕೆ ಮೊದಲು ಆ ಜನರು ಅಸಂಸ್ಕೃತರಾಗಿದ್ದರೆಂದು ಪದವೇ ಸದ್ದಿಲ್ಲದೆ ತೀರ್ಪು ಕೊಟ್ಟುಬಿಡುವುದು. ಶ್ರೀನಿವಾಸರ ಉದ್ದೇಶವು ಇದಲ್ಲವೆಂಬುದು ಸ್ಪಷ್ಟ. ಆದರೂ ನಡೆದುದನ್ನು ಬಣ್ಣಿಸಲು ಹುಟ್ಟಿದ ಪದವು ಮೆಚ್ಚುಗೆಯ ಪದವೂ ಆಗಿ ಕುಳಿತಿದೆ.

ಈ ಸಂಸ್ಕಾರದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಅವರೇ ಹೇಳಿರುವರೆಂಬುದು ಮೆಚ್ಚತಕ್ಕದ್ದು. ಮೇಲೇರುವ ಜಾತಿಯು ಮೊದಲು ನಿಲ್ಲಿಸುವ ವಾಡಿಕೆಗಳಲ್ಲಿ ವಿಧವೆಯ ಮರುಮದುವೆಯೂ ಒಂದು. ಹಳ್ಳಿಯಲ್ಲಿ ಕೂಡಿಕೆಯೆಂದು ಹೆಸರಾಗಿ, ಗಂಡು ಸತ್ತವಳಿಗೆ ಇನ್ನೊಂದು ಮನೆಯನ್ನು ತೋರಿಸುತ್ತಿದ್ದ ಆ ಪದ್ಧತಿಯು ಹೋಗಿ, ಅವಳ ಪಾಲಿಗೆ ಗೋಡೆಯ ಮೂಲೆಯೊಂದೇ ಉಳಿಯುವುದು. ಜಾತಿಯು ಒಂದು ಮೆಟ್ಟಿಲು ಹತ್ತಿತೆಂದು ಗಂಡಸರು ಹೆಮ್ಮೆಪಡುವಾಗ ಅದೇ ಮೆಟ್ಟಿಲು ಅವಳ ಬೆನ್ನಿನ ಮೇಲಿರುವುದು. ಶ್ರೀನಿವಾಸರು ಇದನ್ನು ಕಂಡರು, ಬರೆದರು. ಆದರೆ ಸಿದ್ಧಾಂತದ ನಡುವೆ ಇರಬೇಕಾದ ಈ ಮಾತು ಅಂಚಿನಲ್ಲಿಯೇ ಉಳಿಯಿತು.

ಏರಿದವರು ನಿಜವಾಗಿ ಏರಿದರೇ ಎಂಬುದು ಮತ್ತೊಂದು ತೊಡಕು. ದಕ್ಷಿಣದ ವಿಶ್ವಕರ್ಮರು ಉಪವೀತವನ್ನು ಧರಿಸುವವರು, ಬ್ರಾಹ್ಮಣತ್ವವನ್ನು ಹೇಳಿಕೊಳ್ಳುವವರು. ಹೀಗಿದ್ದರೂ ಅಂದು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದವರು ಸಹ ಅವರ ಮನೆಯ ಅಡಿಗೆಯನ್ನು ಸ್ವೀಕರಿಸುತ್ತಿರಲಿಲ್ಲವೆಂದು ಶ್ರೀನಿವಾಸರೇ ದಾಖಲಿಸಿರುವರು. ಹಳೆಯ ಎಡಗೈ ಬಲಗೈ ಪಂಗಡಗಳ ವೈರವನ್ನು ನೆನೆದರೆ ಇದರ ಅರ್ಥವು ಸ್ವಲ್ಪ ತಿಳಿಯುವುದು. ಆಚಾರದ ಶುದ್ಧಿಯಿಂದ ಮಾತ್ರವೇ ಸ್ಥಾನವು ದೊರೆಯುವುದಾದರೆ ಇಂತಹ ಸಂಗತಿಗೆ ಎಡೆಯೇ ಇರಬಾರದಷ್ಟೆ. ದೊರಕಿಸಿಕೊಡುವುದು ನೆರೆಯವರ ಒಪ್ಪಿಗೆ; ಆ ಒಪ್ಪಿಗೆಯ ಕೀಲಿಯು ಬಹುಮಟ್ಟಿಗೆ ಪ್ರಬಲ ಜಾತಿಯ ಕೈಯಲ್ಲಿ. ಒಂದು ಸಿದ್ಧಾಂತದ ಕುಂದನ್ನು ಅದೇ ಲೇಖಕರ ಇನ್ನೊಂದು ಸಿದ್ಧಾಂತವು ತುಂಬಬೇಕಾಗಿ ಬಂದಿರುವುದು ಹೀಗೆ.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ರಾಂಪುರದ ಬಗ್ಗೆ ಅವರು ಪರಿಷ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದುವು. ಬಳಿಕ ಪ್ರಧಾನವಾಗಿ ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಹೊರಬಂದಿತು. ಕೋಷ್ಟಕಗಳು ಸುಟ್ಟುಹೋದುದರಿಂದಲೋ ಏನೋ, ಇದರಲ್ಲಿ ಮನುಷ್ಯರು ಉಳಿದುಕೊಂಡಿರುವರು. ಊರ ಪಟೇಲರ ಗತ್ತು, ನಾಡುಗೌಡರ ಸಮಾಧಾನದ ನಡೆ, ಕುಳ್ಳೇಗೌಡನ ಚಾಲಾಕು ಇವು ಕಾದಂಬರಿಯ ಪಾತ್ರಗಳಂತೆ ಕಣ್ಣಿಗೆ ಕಟ್ಟುವುವು. ಸಿದ್ಧಾಂತಗಳಿಗಿಂತ ಈ ಗ್ರಂಥವೇ ಹೆಚ್ಚುಕಾಲ ಬಾಳುವುದೆಂದರೆ ಅವರ ಶಿಷ್ಯರು ಮುನಿಯಬಹುದು.

ಲೇಖಕರಿಗೆ ವಾಸಕ್ಕೆ ದೊರೆತುದು ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯ ಒಂದು ಭಾಗ. ಆ ಆಶ್ರಯದಿಂದಾಗಿ ಊರನ್ನು ಮೇಲಿನವರ ಕಣ್ಣಿನಿಂದಲೇ ಹೆಚ್ಚಾಗಿ ಕಂಡೆನೆಂದೂ, ಊರ ಹೊರಗಣ ಕೇರಿಯವರೊಡನೆ ಬಳಕೆಯು ಸಾಲದಾಯಿತೆಂದೂ ಅವರು ಒಪ್ಪಿಕೊಂಡಿರುವರು. ಒಪ್ಪಿಗೆಯು ಪ್ರಾಮಾಣಿಕವಾದುದು, ಆದರೆ ಕಾಣದೆ ಉಳಿದುದು ಅದರಿಂದ ಕಂಡಂತಾಗುವುದಿಲ್ಲ. ಮೇಲಿನವರ ಆಚಾರವನ್ನು ಕೆಳಗಿನವರು ಬಯಸುವರೆಂಬುದು ಎತ್ತಿನ ಮನೆಯ ಜಗಲಿಯಿಂದ ತೋರಿದ ನೋಟ. ಕೇರಿಯೊಳಗಿಂದ ನೋಡಿದವರು ಬರೆಯತೊಡಗಿದಾಗ ತೋರಿದುದು ಬೇರೆ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಿರುವರು. ಸರಕಾರದ ಮೀಸಲಾತಿಯನ್ನು ಪಡೆದ ದಲಿತನಿಗೆ ಅಣಕದಿಂದ ಹಚ್ಚಿದ ಹೆಸರದು. ಅಲ್ಲಿ ಬ್ರಾಹ್ಮಣನೆಂಬ ಪದವನ್ನು ಏರಲು ಬಯಸಿದವನು ಕೇಳಿ ಪಡೆದುದಲ್ಲ, ಏರಿದವನನ್ನು ಮತ್ತೆ ಕೆಳಗಿಳಿಸಲು ಇತರರು ಎಸೆದುದು. ಚ್ವಿ ಪ್ರತ್ಯಯದಿಂದ ಸಾಧಿಸಿದ ಯಾವ ಪದಕ್ಕೂ ಈ ಸಂಗತಿಯು ಒಗ್ಗುವುದಿಲ್ಲ.