ಹೆಜ್ಜೆಯ ಹೊತ್ತು

ಮನೆಮಂದಿಯೆಲ್ಲ ಸೇರಿ ಮಲೆನಾಡಿನ ಹೋಂಸ್ಟೇಗೆ ಹೊರಟರೆ ಮಕ್ಕಳು ಮೊದಲು ಕೇಳುವುದೇ ‘ಹುಲಿ ಕಾಣುತ್ತಾ?’ ಎಂದು. ಕಾಣಲಿಕ್ಕಿಲ್ಲ ಎಂದು ಹೊರಡುವ ಮುಂಚೆಯೇ ಹೇಳಿಬಿಡಿ. ಚಿಕ್ಕಮಗಳೂರಿನ ಮುತ್ತೋಡಿ ಆಸುಪಾಸಿನ ಕಾಫಿ ತೋಟಗಳನ್ನೇ ತೆಗೆದುಕೊಳ್ಳಿ. ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಕಾಟಿ, ಹಂದಿ, ಮುಳ್ಳುಹಂದಿ, ಪುನುಗಿನ ಬೆಕ್ಕು, ಅಪರೂಪಕ್ಕೆ ಚಿರತೆ, ಎಲ್ಲವೂ ಕತ್ತಲಲ್ಲಿ ತೋಟಕ್ಕೆ ಬಂದು ಹೋಗುತ್ತವೆ. ನಾವು ಎದ್ದು ಮುಖ ತೊಳೆಯುವಷ್ಟರಲ್ಲಿ ಅವು ಕಾಡು ಸೇರಿಯಾಗಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಜೀಪು ದಾರಿಯ ಮಣ್ಣಿನ ಮೇಲಿನ ಗುರುತುಗಳು. ಅವನ್ನು ನೋಡಿ ಸುಖಪಡುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಹೊಸಬರು ‘ಇದು ಯಾರ ಹೆಜ್ಜೆ?’ ಎಂದು ಕೇಳಿ, ಉತ್ತರ ಸಿಕ್ಕಿದ ಕೂಡಲೇ ಮುಂದೆ ನಡೆಯುತ್ತಾರೆ. ನಿಜವಾದ ರುಚಿ ಶುರುವಾಗುವುದು ಅಲ್ಲಿಂದಾಚೆ, ‘ಯಾವಾಗ ಹೋಯಿತು?’ ಎಂದು ಕೇಳಿಕೊಂಡಾಗ.

‘ಯಾರು’ ಎಂಬುದು ಬೇಗ ಕಲಿಯಬಹುದಾದ ಪಾಠ. ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಉಗುರು ಮೂಡುವುದಿಲ್ಲ. ನಡೆಯುವಾಗ ಅವು ಉಗುರನ್ನು ಒಳಗೆಳೆದುಕೊಂಡಿರುತ್ತವೆ. ನಾಯಿಯ ಹೆಜ್ಜೆಯ ಮುಂದೆ ಉಗುರಿನ ಚುಕ್ಕೆ ಕಾಣುತ್ತದೆ. ಹಂದಿಯ ಎರಡು ಗೊರಸಿನ ಹಿಂದೆ, ಮಣ್ಣು ಮೆತ್ತಗಿದ್ದರೆ, ಇನ್ನೆರಡು ಸಣ್ಣ ಗುಳಿ ಬೀಳುತ್ತವೆ. ಕರಡಿಯ ಹಿಂಗಾಲಿನ ಗುರುತು ಬರಿಗಾಲಿನ ಮನುಷ್ಯನದೇ ಅನ್ನಿಸುವಷ್ಟು ಹೋಲುತ್ತದೆ, ಆದರೆ ಬೆರಳುಗಳ ಮುಂದೆ ಉಗುರು ಊರಿದ ಗುರುತಿರುತ್ತದೆ. ಆನೆಯ ಮುಂಗಾಲು ದುಂಡು, ಹಿಂಗಾಲು ಕೋಳಿಮೊಟ್ಟೆಯಂತೆ ಉದ್ದ. ಮುಂಗಾಲಿನ ಗುರುತಿನ ಸುತ್ತಳತೆಯನ್ನು ದಾರದಲ್ಲಿ ಅಳೆದು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಸಿಗುತ್ತದೆ. ಮಕ್ಕಳಿಂದಲೇ ದಾರ ಹಿಡಿಸಿ ಅಳೆಸಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟರೆ ಗಾತ್ರದ ಅಂದಾಜು ತಪ್ಪುವುದಿಲ್ಲ. ಅದರ ಅಡ್ಡಳತೆ 27 ಮಿಲಿಮೀಟರ್.

ಒಂದು ಎಚ್ಚರಿಕೆ. ಹೆಜ್ಜೆ ನೋಡಿ ‘ಇದು ಇಂಥದೇ ಹುಲಿ’ ಎಂದು ಹೇಳುವವರನ್ನು ನಂಬಬೇಡಿ. ನಮ್ಮ ದೇಶದಲ್ಲಿ ಬಹಳ ಕಾಲ ಹುಲಿ ಗಣತಿ ನಡೆದದ್ದು ಹೆಜ್ಜೆ ಗುರುತಿನ ಮೇಲೆಯೇ. ಆದರೆ ಒಂದೇ ಕಾಲು ಕೆಸರಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಮೂಡುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಪ್ರತಿ ಹುಲಿಗೂ ಬೇರೆಬೇರೆಯಾಗಿರುವ ಪಟ್ಟೆಗಳಿಂದ ಅವನ್ನು ಗುರುತಿಸುವ ವಿಧಾನವನ್ನು ಬಳಕೆಗೆ ತಂದದ್ದು ಇದೇ ಕಾರಣಕ್ಕೆ.

ಈಗ ಹೊತ್ತಿನ ವಿಚಾರ. ಇದನ್ನು ಕಲಿಯಲು ಹಿಂದಿನ ಸಂಜೆಯೇ ಕೆಲಸ ಶುರುಮಾಡಬೇಕು. ಹೋಂಸ್ಟೇ ಹಿಂಭಾಗದಲ್ಲಿ, ಹಲಸಿನ ಮರದ ಬುಡಕ್ಕೋ ನೀರಿನ ತೊಟ್ಟಿಯ ಪಕ್ಕಕ್ಕೋ, ಒಂದು ಚಾಪೆಯಗಲ ನೆಲ ಗುಡಿಸಿ ಜರಡಿ ಹಿಡಿದ ಮಣ್ಣು ಹರಡಿ. ಅದರ ಒಂದು ಮೂಲೆಯಲ್ಲಿ ಮಗುವಿನ ಅಂಗೈ ಒತ್ತಿಸಿ, ಗಂಟೆ ಎಷ್ಟೆಂದು ಬರೆದಿಡಿ. ಮಲಗುವ ಮುನ್ನ ಪಕ್ಕದಲ್ಲೇ ಇನ್ನೊಮ್ಮೆ ಒತ್ತಿಸಿ. ಬೆಳಿಗ್ಗೆ ಎದ್ದ ತಕ್ಷಣ ಮೂರನೆಯದು. ಆಮೇಲೆ ಮೂರನ್ನೂ ಮಂಡಿಯೂರಿ ನೋಡಿ. ಈಗಷ್ಟೇ ಒತ್ತಿದ್ದರ ಅಂಚು ಚೂಪಾಗಿದೆ, ಬೆರಳು ಎತ್ತುವಾಗ ಮೇಲೆದ್ದ ಮಣ್ಣಿನ ಹರಳುಗಳು ಹಾಗೇ ನಿಂತಿವೆ. ಸಂಜೆಯದರ ಅಂಚು ಮಂಜಿಗೆ ನೆನೆದು ಕುಗ್ಗಿದೆ, ಮರದೆಲೆಯಿಂದ ತೊಟ್ಟಿಕ್ಕಿದ ಹನಿ ಒಳಗೆ ಸಣ್ಣ ಕುಳಿ ತೋಡಿದೆ, ಯಾವುದೋ ಹುಳ ಅಂಗೈಯನ್ನು ಅಡ್ಡ ಹಾಯ್ದು ಹೋದ ಗೆರೆಯಿದೆ. ಆ ಊರಿನ ಮಣ್ಣಿಗೆ, ಆ ದಿನದ ಹವೆಗೆ ನಿಮ್ಮದೇ ಒಂದು ಗಡಿಯಾರ ಸಿಕ್ಕಿತು. ಇನ್ನು ತೋಟದ ದಾರಿಗಿಳಿದರೆ ಕಾಟಿಯ ಗೊರಸನ್ನು ಇದಕ್ಕೆ ಹೋಲಿಸಿ ನೋಡುವುದಷ್ಟೇ.

ಬೆಳಗಿನ ಓರೆ ಬಿಸಿಲು ಇದಕ್ಕೆ ಹೇಳಿಮಾಡಿಸಿದ್ದು. ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಇರುವಂತೆ ನಿಂತರೆ ಗುಳಿಯೊಳಗೆ ನೆರಳು ತುಂಬಿ ಗೆರೆಗೆರೆಯೂ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಹೆಜ್ಜೆಯನ್ನು ತುಳಿದುಕೊಂಡೇ ದಾಟಿಬಿಡುತ್ತೀರಿ.

ದಾರಿಯಲ್ಲಿ ಸಾಕ್ಷಿ ಹೇಳುವವರು ಇನ್ನೂ ಇದ್ದಾರೆ. ಗಿಡದಿಂದ ಗಿಡಕ್ಕೆ ದಾರಿಗೆ ಅಡ್ಡವಾಗಿ ಹೆಣೆದ ಜೇಡನ ಬಲೆ ಹರಿಯದೆ ಉಳಿದಿದ್ದರೆ, ಅದನ್ನು ನೇಯ್ದ ಮೇಲೆ ಅಲ್ಲಿ ದೊಡ್ಡ ಪ್ರಾಣಿ ದಾಟಿಲ್ಲ. ಇಬ್ಬನಿಯ ಹುಲ್ಲಿನಲ್ಲಿ ಕಡುಹಸಿರು ಗೆರೆ ಕಂಡರೆ ಯಾರೋ ಇಬ್ಬನಿ ಬಿದ್ದ ಮೇಲೆ ಅದನ್ನು ಕೊಡವಿಕೊಂಡು ಹೋಗಿದ್ದಾರೆ. ನಿನ್ನೆ ಸಂಜೆ ಬಂದ ಜೀಪಿನ ಟೈರ್ ಗುರುತಿನ ಮೇಲೆ ಗೊರಸು ಬಿದ್ದಿದ್ದರೆ ಅದು ರಾತ್ರಿಯದು, ಗೊರಸಿನ ಮೇಲೆ ಟೈರ್ ಹಾದಿದ್ದರೆ ಅದಕ್ಕೂ ಹಳೆಯದು. ಮಕ್ಕಳು ಈ ಮೇಲೆ-ಕೆಳಗಿನ ತರ್ಕವನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಒಂದೇ ಗುರುತಿನ ಸುತ್ತ ಅವರು ವಾದಕ್ಕಿಳಿದರೆ ಅವಸರ ಮಾಡಬೇಡಿ, ವಾದ ಮುಗಿಯಲಿ.

ಲದ್ದಿ, ಹಿಕ್ಕೆಗಳಿಗೆ ಮೂಗು ಮುರಿಯುವವರು ಈ ರಸದ ಅರ್ಧ ಪಾಲನ್ನು ಕಳೆದುಕೊಳ್ಳುತ್ತಾರೆ. ನವೆಂಬರ್‌ನಿಂದ ಜನವರಿವರೆಗೆ, ಕಾಫಿ ಹಣ್ಣಾಗುವ ಕಾಲದಲ್ಲಿ, ದಾರಿಬದಿಯ ಕಲ್ಲಿನ ಮೇಲೋ ಬಿದ್ದ ಮರದ ಮೇಲೋ ಕಾಫಿ ಬೀಜಗಳೇ ಅಂಟಿಕೊಂಡಂಥ ಒಂದು ಗಟ್ಟಿ ಸಿಗುತ್ತದೆ. ಪುನುಗಿನ ಬೆಕ್ಕು ಹಣ್ಣಾದವನ್ನೇ ಆರಿಸಿ ತಿಂದು, ಸಿಪ್ಪೆ ತಿರುಳು ಅರಗಿಸಿಕೊಂಡು, ಬೀಜವನ್ನು ಹೊಟ್ಟಿನ ಸಮೇತ ಹೊರಹಾಕಿದ್ದು. ರಾತ್ರಿಯದಾದರೆ ಒದ್ದೆಯಾಗಿ ಹೊಳೆಯುತ್ತದೆ, ಬಿಸಿಲು ಕಂಡಿದ್ದರೆ ಮಂಕಾಗಿ ಬೀಜ ಬಿಡಿಬಿಡಿಯಾಗುತ್ತದೆ. ಕೋಲಿನಿಂದ ಬಿಡಿಸಿ ನೋಡಿ, ಕೈಯಿಂದ ಬೇಡ.

ಗುಂಪಿನಲ್ಲಿ ಹೋಗುವುದರ ಲಾಭ ಇಂಥಲ್ಲೇ ಗೊತ್ತಾಗುವುದು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನುಬಿದ್ದ ತಂಡದಲ್ಲಿ ವಿಜ್ಞಾನಿ, ಕೃಷಿಕ, ಜೇನು ಬಲ್ಲ ಮಂದಣ್ಣ, ಮರ ಹತ್ತುವ ಕರಿಯಪ್ಪ, ಜೊತೆಗೊಂದು ನಾಯಿ ಇದ್ದದ್ದು ನೆನಪಿರಬಹುದು. ನಿಮ್ಮ ತಂಡದಲ್ಲೂ ಅಜ್ಜಿಗೆ ಗಿಡದ ಚಿಗುರು ಬಾಡಿದ್ದು ಕಣ್ಣಿಗೆ ಬೀಳುತ್ತದೆ, ಎತ್ತರ ಕಡಿಮೆಯಿರುವ ಮಗುವಿಗೆ ನೆಲ. ತೋಟದ ಕೆಲಸ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು. ಸಂರಕ್ಷಿತ ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬಾರದು, ಕತ್ತಲಾದ ಮೇಲೆ ತೋಟದ ದಾರಿಯೂ ಬೇಡ.

ಕೆಲವೊಮ್ಮೆ ‘ಯಾವಾಗ’ ಎಂಬುದಕ್ಕೆ ಉತ್ತರ ‘ಈಗಲೇ’ ಎಂದಿರುತ್ತದೆ. ಅದನ್ನು ಹೇಳುವುದು ಕಿವಿ. ಮರದ ತುದಿಯಿಂದ ಮುಸುವ ಒಂದೇ ಸಮನೆ ಕೆಮ್ಮಿದಂತೆ ಕೂಗಿದರೆ ಕೆಳಗೆ ಏನನ್ನೋ ಕಂಡಿದೆ. ಕಡವೆ ಗಟ್ಟಿಯಾಗಿ ‘ಡಾಂಕ್’ ಎಂದರೆ ಅದು ಚುಕ್ಕೆ ಜಿಂಕೆಯ ಕೂಗಿಗಿಂತ ನಂಬಬಹುದಾದ ಸುದ್ದಿ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ, ಮನುಷ್ಯರನ್ನು ಕಂಡರೂ ಬೊಗಳುತ್ತದೆ. ಭೀಮರಾಜ ಹಕ್ಕಿ ಬೇರೆಯವರ ಕೂಗನ್ನೆಲ್ಲ ಅಣಕಿಸಬಲ್ಲದು, ಆದ್ದರಿಂದ ಇನ್ನೊಂದು ದನಿ ಹೌದೆನ್ನುವ ತನಕ ಕಾಯಿರಿ.

ಆನೆಯದಾದರೆ ಕಾಯುವ ಮಾತೇ ಇಲ್ಲ. ಲದ್ದಿಯಿಂದ ಹಬೆ ಏಳುತ್ತಿದ್ದರೆ, ಮುರಿದ ಬೈನೆ ಮರದ ಗಾಯದಿಂದ ರಸ ಜಿನುಗುತ್ತಿದ್ದರೆ, ಬಂದ ದಾರಿಯಲ್ಲೇ ತಿರುಗಿ. ತಿರುಗಿ ಬಂದವರು ತಿಂಡಿಗೆ ಕೂರುವ ಮೊದಲು ತೋಟದ ರೈಟರಿಗೆ ಸುದ್ದಿ ಮುಟ್ಟಿಸಬೇಕು: ಯಾವ ತಿರುವು, ಯಾವ ದಿಕ್ಕು, ಎಷ್ಟು ಹೊತ್ತಿನ ಗುರುತು. ಎಂಟು ಗಂಟೆಗೆ ಹಣ್ಣು ಕೊಯ್ಯಲು ಹೆಂಗಸರು ಅದೇ ದಾರಿಯಲ್ಲಿ ಬರುವವರಿದ್ದಾರೆ.