‘ಕರ್ವಾಲೋ’ದ ಓತಿಯೂ ಅಡಿಕೆ ತೋಟದ ಓತಿಯೂ

ಶ್ರೀ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಪ್ರಕಟವಾದುದು ೧೯೮೦ರಲ್ಲಿ. ಅಂದಿನಿಂದ ಅದನ್ನು ಕುರಿತು ಬಂದಿರುವ ವಿಮರ್ಶೆ ಅಲ್ಪವಲ್ಲ. ಆದರೂ ಆ ಕೃತಿಯ ನಡುನೆತ್ತಿಯಲ್ಲಿರುವ ಹಾರುವ ಓತಿಯ ವಿಷಯದಲ್ಲಿ ನಮ್ಮ ತರಗತಿಗಳಲ್ಲಿ ರೂಢವಾಗಿರುವ ಒಂದು ವ್ಯಾಖ್ಯಾನವನ್ನು ಪರಿಶೀಲಿಸಬೇಕಾಗಿದೆ. ಅದರ ಸಾರ ಇಷ್ಟು: ಓತಿ ತೆವಳುವ ಜೀವಿ, ಹಕ್ಕಿ ಗಗನಗಾಮಿ; ಹಾರುವ ಓತಿ ಇವೆರಡರ ನಡುವೆ ಕಳೆದುಹೋದ ಕೊಂಡಿ; ಆದುದರಿಂದ ಕರ್ವಾಲೋ ಅರಸುತ್ತಿರುವುದು ಜೀವವಿಕಾಸದ ಸೋಪಾನದಲ್ಲಿ ಕಾಣೆಯಾದ ಒಂದು ಮೆಟ್ಟಿಲನ್ನು.

ಈ ಲೇಖಕನೂ ಹಲವು ವರ್ಷ ಹೀಗೆಯೇ ಪಾಠ ಹೇಳಿದವನು. ಒಮ್ಮೆ ಪಾಠದ ನಡುವೆ ಸುಳ್ಯದ ಕಡೆಯ ಹುಡುಗನೊಬ್ಬ ಎದ್ದು, “ಸರ್, ಅದು ನಮ್ಮ ತೋಟದಲ್ಲಿ ಉಂಟಲ್ಲ!” ಎಂದ. ಕಡಬದಿಂದ ಬರುತ್ತಿದ್ದ ಒಬ್ಬಳು ತಾನೂ ಕಂಡಿರುವುದಾಗಿ ಹೇಳಿದಳು. “ಅದು ಬೇರೆ ಇರಬೇಕು, ಕೂತುಕೋ” ಎಂದು ನಾನು ಪಾಠ ಮುಂದುವರಿಸಿದೆ. ಅದು ಬೇರೆಯಲ್ಲವೆಂದು ತಿಳಿದದ್ದು ಆ ಮೇಲೆ.

ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಈ ಪ್ರಾಣಿಗೆ ‘ಡ್ರೇಕೊ ಡುಸ್ಸುಮಿಯೆರಿ’ ಎಂಬ ಶಾಸ್ತ್ರೀಯ ನಾಮವನ್ನು ೧೮೩೭ರಲ್ಲಿ ಕೊಟ್ಟವರು ಡ್ಯುಮೆರಿಲ್ ಮತ್ತು ಬಿಬ್ರೋನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರು. ದಕ್ಷಿಣ ಭಾರತದಲ್ಲಿರುವ ಹಾರುವ ಓತಿ ಇದೊಂದೇ; ಇದರ ಉಳಿದ ಜ್ಞಾತಿಗಳೆಲ್ಲ ಈಶಾನ್ಯ ಭಾರತದಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ಇವೆ. ಬೇಲಿಯ ಮೇಲೆ ಕತ್ತು ಕೆಂಪಗೆ ಮಾಡಿಕೊಂಡು ತಲೆಯಾಡಿಸುವ ಓತಿಕ್ಯಾತನೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ಮರದ ತೊಗಟೆಯ ಬಣ್ಣ, ಗಂಡಿನ ಗಂಟಲ ಕೆಳಗೆ ಹಳದಿಯ ಜೋಲುಚರ್ಮ, ಆಹಾರ ಬಹುಪಾಲು ಇರುವೆ. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಇಳಿಯುತ್ತದೆ. ಮರಕ್ಕೆ ಒತ್ತಿ ಕುಳಿತಾಗ ಅದನ್ನು ಗುರುತಿಸುವುದು ಕಷ್ಟ. ತೋಟದಲ್ಲಿ ಬೆಳೆದ ಕಣ್ಣಿಗೆ ಮಾತ್ರ ಅದು ಸುಲಭ.

ಇದರ ರೆಕ್ಕೆಯ ರಚನೆಯನ್ನು ನೋಡಿದರೆ ಕೊಂಡಿಯ ಮಾತು ನಿಲ್ಲುವುದಿಲ್ಲ. ಐದಾರು ಜೊತೆ ಪಕ್ಕೆಲುಬುಗಳು ನೀಳವಾಗಿ ಬೆಳೆದು ಮೈಯ ಎರಡು ಬದಿಗೂ ಚಾಚಿಕೊಳ್ಳುತ್ತವೆ. ಅವುಗಳ ಮೇಲೆ ಚರ್ಮ, ಕೊಡೆಯ ಕಡ್ಡಿಗಳ ಮೇಲೆ ಬಟ್ಟೆ ಬಿಗಿದಂತೆ, ಹರಡಿಕೊಂಡಿರುತ್ತದೆ. ಹಕ್ಕಿಯ ರೆಕ್ಕೆಯಾದರೋ ಅದರ ಮುಂಗಾಲೇ. ನಮ್ಮ ತೋಳಿನಲ್ಲಿರುವ ಎಲುಬುಗಳೇ ಅಲ್ಲಿ ಬೇರೆ ಅಳತೆಯಲ್ಲಿವೆ. ಓತಿಯ ಮುಂಗಾಲು ರೆಕ್ಕೆಯಾಗಿಲ್ಲ. ಇದೇ ಜಾತಿಯ ಓತಿಗಳು ತೇಲುವಾಗ ಮುಂಗಾಲುಗಳಿಂದ ರೆಕ್ಕೆಯ ಅಂಚನ್ನು ಹಿಡಿದುಕೊಳ್ಳುತ್ತವೆ ಎಂಬುದನ್ನು ೨೦೧೭ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಅಂದರೆ ಹಕ್ಕಿಯಲ್ಲಿ ರೆಕ್ಕೆಯೇ ಆಗಿರುವ ಅಂಗ ಇಲ್ಲಿ ರೆಕ್ಕೆಯನ್ನು ಹಿಡಿಯುವ ಅಂಗ. ಹಾರುವುದೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗುವುದಾದರೆ ನಮ್ಮ ಘಟ್ಟದ ಕಾಡು ದೊಡ್ಡ ಗೊಂದಲವಾಗುತ್ತದೆ. ಹಾರುಬೆಕ್ಕು ಕೈಕಾಲುಗಳ ನಡುವಣ ಚರ್ಮದಿಂದ ತೇಲುತ್ತದೆ. ಹಾರುವ ಕಪ್ಪೆ ಬೆರಳುಗಳ ನಡುವಣ ಪೊರೆಯಿಂದ. ಹಾರುವ ಹಾವು ಮೈಯನ್ನು ಚಪ್ಪಟೆಯಾಗಿಸಿಕೊಂಡು. ಬಾವಲಿ ನೀಳವಾದ ಬೆರಳುಗಳಿಂದ. ಎತ್ತರದ ಮರಗಳ ನಡುವೆ ಬದುಕಬೇಕಾದ ಅಗತ್ಯ ಒಂದೇ. ಅದಕ್ಕೆ ಒದಗಿದ ಉಪಾಯಗಳು ಬೇರೆ ಬೇರೆ.

ಹಾಗಾದರೆ ಸರೀಸೃಪಕ್ಕೂ ಹಕ್ಕಿಗೂ ನಡುವಣ ರೂಪವೇ ಇಲ್ಲವೆ? ಇದೆ. ಅದು ದೊರೆತದ್ದು ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ, ೧೮೬೧ರಲ್ಲಿ. ಹದಿನೈದು ಕೋಟಿ ವರ್ಷಗಳ ಹಿಂದಿನ ಆ ಆರ್ಕಿಯಾಪ್ಟೆರಿಕ್ಸಿಗೆ ಗರಿಯೂ ಇತ್ತು, ಹಲ್ಲೂ ಇತ್ತು, ಎಲುಬಿನ ಉದ್ದ ಬಾಲವೂ ಇತ್ತು. ಹಕ್ಕಿಗಳು ಡೈನೊಸಾರುಗಳ ಶಾಖೆಯಿಂದ ಬಂದವು. ಇಂದು ಬದುಕಿರುವ ಸರೀಸೃಪಗಳಲ್ಲಿ ಅವುಗಳಿಗೆ ಹತ್ತಿರದ ನೆಂಟ ಮೊಸಳೆಯೇ ಹೊರತು ಓತಿಯಲ್ಲ. ಓತಿಯ ವಂಶವೂ ಹಕ್ಕಿಯ ವಂಶವೂ ಕವಲೊಡೆದು ಇಪ್ಪತ್ತೈದು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಇಂಗ್ಲೆಂಡಿನಲ್ಲಿ ಪಳೆಯುಳಿಕೆಯಾಗಿ ದೊರೆತ ಕ್ಯೂನಿಯೊಸಾರಸ್ ಕೂಡ ಪಕ್ಕೆಲುಬಿನ ರೆಕ್ಕೆಯಲ್ಲಿಯೇ ತೇಲುತ್ತಿತ್ತು. ಅದು ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನದು. ನಮ್ಮ ಓತಿಯ ಪೂರ್ವಜನಲ್ಲ. ಒಂದೇ ಉಪಾಯ ಎರಡು ಮನೆತನಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು.

“ಅಂಥ ಪಳೆಯುಳಿಕೆ ನಮ್ಮ ನೆಲದಲ್ಲಿ ಏಕೆ ಸಿಗುವುದಿಲ್ಲ?” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಿಗದಿರುವುದನ್ನೇ ವಿಕಾಸವಾದಕ್ಕೆ ವಿರುದ್ಧವಾದ ಪ್ರಮಾಣವೆಂದು ವಾದಿಸುವವರೂ ಇದ್ದಾರೆ. ಪುತ್ತೂರು ಸೀಮೆಯ ಅಡಿಗಲ್ಲು ಬಹುಭಾಗ ಎರಡೂವರೆ ಶತಕೋಟಿ ವರ್ಷಗಳಿಗಿಂತ ಹಳೆಯ ನೈಸ್ ಶಿಲೆ. ಎಲುಬುಳ್ಳ ಪ್ರಾಣಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ಕಲ್ಲಾಗಿತ್ತು. ಮೇಲಿರುವ ಮುರಕಲ್ಲೋ, ಮಳೆ ತೊಳೆದು ತೊಳೆದು ಉಳಿದ ಮಣ್ಣು. ಅದರಲ್ಲಿ ಎಲುಬು ಉಳಿಯುವಂತಿಲ್ಲ. ಆದರೂ ಈ ಸೀಮೆಯ ಅನೇಕ ಮನೆಗಳಲ್ಲಿ ಪಳೆಯುಳಿಕೆ ಇದೆ, ದೇವರ ಕೋಣೆಯಲ್ಲಿ. ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದೊಳಗಿನ ಚಕ್ರ, ಹಿಮಾಲಯ ಮೇಲೇಳುವ ಮುನ್ನ ಅಲ್ಲಿದ್ದ ಕಡಲಿನಲ್ಲಿ ಬದುಕಿದ್ದ ಅಮ್ಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಅದೂ ಸ್ಥೂಲವಾಗಿ ಆರ್ಕಿಯಾಪ್ಟೆರಿಕ್ಸಿನ ಕಾಲದ್ದೇ. ಇದರಿಂದ ಪೂಜೆಗೆ ಬಾಧೆಯೇನೂ ಇಲ್ಲ.

ಮೂಲ ದೋಷ ‘ಪ್ರಾಚೀನ’ ಎಂಬ ಮಾತಿನಲ್ಲಿದೆ. ಕಾದಂಬರಿಯಲ್ಲಿ ಓತಿ ಯುಗಯುಗಾಂತರಗಳ ಹಳಮೆಯನ್ನು ಹೊತ್ತ ಅಪೂರ್ವ ಜೀವಿಯಾಗಿ ಬರುತ್ತದೆ. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯವಿದೆ. ಹುಡುಕಾಟದ ಕಥೆಗೆ ದುರ್ಲಭವಾದ ವಸ್ತು ಬೇಕು. ಅದನ್ನು ಶಾಸ್ತ್ರಸಿದ್ಧಾಂತವಾಗಿ ಓದುವುದು ಮಾತ್ರ ಸಲ್ಲದು. ಇಂದು ಬದುಕಿರುವ ಯಾವ ಜೀವಿಯೂ ಇನ್ನೊಂದಕ್ಕಿಂತ ಹಳೆಯದಲ್ಲ. ಎಲ್ಲದರ ಬೆನ್ನ ಹಿಂದೆಯೂ ಒಂದೇ ಉದ್ದದ ವಂಶಾವಳಿಯಿದೆ. ನಮ್ಮ ಕಡೆಯ ತರವಾಡು ಮನೆಯನ್ನು ನೆನೆದರೆ ಇದು ತಿಳಿಯುತ್ತದೆ. ಒಬ್ಬ ಅಜ್ಜನ ಮಕ್ಕಳು ಕವಲಾಗಿ ಒಂದು ಕವಲು ಮೂಲಮನೆಯಲ್ಲಿ ಉಳಿಯಿತು, ಇನ್ನೊಂದು ಪೇಟೆ ಸೇರಿತು. ಮೂಲಮನೆಯಲ್ಲಿರುವವನು ಪೇಟೆಯವನ ದಾಯಾದಿಯೇ ಹೊರತು ಅಜ್ಜನಲ್ಲ. ಅವನ ಮನೆಯ ಮಾಡು ಹಳೆಯದಾದ ಮಾತ್ರಕ್ಕೆ ಅವನ ವಯಸ್ಸು ಹೆಚ್ಚಾಗುವುದೂ ಇಲ್ಲ. ‘ಮಂಗನಿಂದ ಮಾನವ’ ಎಂಬ ಮಾತಿನ ತಪ್ಪೂ ಇದೇ. ತೋಟಕ್ಕೆ ಲಗ್ಗೆಯಿಡುವ ಮಂಗ ನಮ್ಮ ಪೂರ್ವಜನಲ್ಲ; ಸುಮಾರು ಮೂರು ಕೋಟಿ ವರ್ಷಗಳ ಆಚೆ ನಮಗೂ ಅದಕ್ಕೂ ಸಮಾನನಾದ ಒಬ್ಬ ಪೂರ್ವಜನಿದ್ದ, ಅಷ್ಟೆ.

ನಮ್ಮ ಪರಿಭಾಷೆಯೂ ಈ ತಪ್ಪಿಗೆ ಇಂಬು ಕೊಟ್ಟಿದೆ. ‘ವಿಕಾಸ’ವೆಂದರೆ ಅರಳುವಿಕೆ. ಮೊಗ್ಗಿನಲ್ಲಿ ಅಡಗಿದ್ದ ಹೂವು ಹೊರಬರುವಂತೆ, ಕೀಳಿನಿಂದ ಮೇಲಕ್ಕೆ, ಗೊತ್ತಾದ ಗುರಿಯ ಕಡೆಗೆ ನಡೆಯುವ ಕ್ರಿಯೆ ಎಂಬ ಭಾವನೆ ಆ ಶಬ್ದದಲ್ಲಿಯೇ ಇದೆ. ದಶಾವತಾರದ ಮತ್ಸ್ಯಕೂರ್ಮಗಳನ್ನು ಡಾರ್ವಿನ್ನನಿಗೆ ಹೊಂದಿಸುವ ಉತ್ಸಾಹವೂ ಇಲ್ಲಿಂದಲೇ ಬಲ ಪಡೆಯುತ್ತದೆ; ತಾಳಮದ್ದಳೆಯ ಮಾತಿಗೆ ಒಗ್ಗಿದ ಕಿವಿಗೆ ಆ ಹೋಲಿಕೆ ಹಿತವಾಗಿಯೂ ಇದ್ದೀತು. ಆದರೆ ೧೮೫೯ರ ಡಾರ್ವಿನ್ನನ ಗ್ರಂಥದಲ್ಲಿರುವ ಮುಖ್ಯ ಚಿತ್ರ ಮೆಟ್ಟಿಲಲ್ಲ, ಕವಲೊಡೆಯುವ ಮರ. ಶಬ್ದವನ್ನು ಈಗ ಬದಲಿಸಲಾಗದು. ಬಳಸುವಾಗ ಎಚ್ಚರ ಬೇಕು. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದು ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳುವ ದಾರಿ ತೋರಿದ್ದರು. ಅವರ ಕಾದಂಬರಿಗಳನ್ನು ಓದಿಸುವ ನಾವು ಆ ಸಂಪುಟಗಳನ್ನು ಕಪಾಟಿನಲ್ಲಿಯೇ ಬಿಟ್ಟಿದ್ದೇವೆ.

ಕೊಂಡಿಯನ್ನು ಕೈಬಿಟ್ಟರೆ ಕಾದಂಬರಿ ಬಡವಾಗುವುದೆ? ನನಗೆ ಹಾಗೆ ತೋರುವುದಿಲ್ಲ. ಕೊನೆಯಲ್ಲಿ ಓತಿ ಕೈಗೆ ಸಿಗದೆ ತೇಲಿಹೋಗುತ್ತದೆ. ಅದು ಗತಕಾಲದ ಅವಶೇಷವಾಗಿದ್ದರೆ ಈ ಘಟನೆ ಒಂದು ನಿಧಿಯ ನಷ್ಟ ಮಾತ್ರ. ಅದು ನಮ್ಮ ಸಮಕಾಲೀನ ಜೀವಿಯಾಗಿದ್ದರೆ ತನ್ನ ಬದುಕಿನ ಕಡೆಗೆ ಹೊರಟುಹೋಯಿತು, ನಮಗೆ ಏನನ್ನೂ ತಿಳಿಸುವ ಹೊಣೆ ಅದಕ್ಕಿರಲಿಲ್ಲ ಎಂದಾಗುತ್ತದೆ. ನೋಡುತ್ತ ನಿಂತವರ ಮೌನಕ್ಕೆ ಆಗ ಬೇರೆಯೇ ತೂಕ ಬರುತ್ತದೆ. ಮಂದಣ್ಣನ ಪಾತ್ರವೂ ಈ ಓದಿನಲ್ಲಿ ಹೆಚ್ಚು ಸಂಗತವಾಗುತ್ತದೆ: ಅವನ ಜ್ಞಾನ ಪುಸ್ತಕದ್ದಲ್ಲ, ಕಣ್ಣಿನದು, ಕರ್ವಾಲೋ ಅವನನ್ನು ಗೌರವಿಸುವುದು ಆ ಕಾರಣಕ್ಕಾಗಿ. ಅದೇ ಕಾದಂಬರಿಯ ಪಾಠ ಹೇಳುತ್ತ ನಾನು ಕಣ್ಣಾರೆ ಕಂಡವನನ್ನು ಕುಳ್ಳಿರಿಸಿದ್ದೆ.

‘ಹಾರುವ ಓತಿ ಯಾವ ಕೊಂಡಿಯನ್ನು ಸೂಚಿಸುತ್ತದೆ?’ ಎಂಬ ಪ್ರಶ್ನೆಯನ್ನು ಪರೀಕ್ಷೆಗಳಲ್ಲಿ ಕೇಳುವವರು ಇನ್ನಾದರೂ ಅದನ್ನು ಕೈಬಿಡಬೇಕೆಂದು ನನ್ನ ಸೂಚನೆ. ಬದಲಿಗೆ, ಅದನ್ನು ಕಂಡವರು ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ದೂರ ತೇಲಿದ್ದನ್ನು ಕಂಡರೆಂದು ಬರೆಯಲು ಹೇಳಬಹುದು.