ಒದೆಯುವ ಕಾಲುಗಳ ಚೆಂದ

ಪಾವ್ಲಿಕ್ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಕೂಸಿನ ಎದೆಯನ್ನು ಬಳಸುವ ಅಗಲವಾದೊಂದು ಪಟ್ಟಿ, ಬೆನ್ನ ಮೇಲೆ ಒಂದನ್ನೊಂದು ಹಾಯ್ದು ಹೆಗಲೇರಿ ಬರುವ ಎರಡು ಪಟ್ಟಿ, ಎದೆಯಿಂದ ಇಳಿದು ಕಾಲು ಹಿಡಿಯುವ ನಾಲ್ಕು ಕಿರುಪಟ್ಟಿ, ಪಾದ ಇಡಲು ಎರಡು ಮೆತ್ತನೆಯ ರಿಕಾಪು. ಇಷ್ಟೇ ಸಾಮಾನು. ಎಲ್ಲ ಮಡಚಿದರೆ ಒಂದು ಹಿಡಿಯಲ್ಲಿ ಅಡಗುತ್ತದೆ. ಕಬ್ಬಿಣದ ಸಲಾಕೆಯಿಲ್ಲ, ಮೊಳೆಯಿಲ್ಲ. ಅಂಚನ್ನು ಬೆರಳಿನಿಂದ ಸವರುತ್ತ ಹೋದರೆ ದಾರ ಎಲ್ಲೂ ತೊಡರುವುದಿಲ್ಲ. ಹೊಲಿಗೆ ಒಳಗೆ ಮಡಚಿಕೊಂಡು, ಮೈಗೆ ತಾಗುವ ಬದಿಯನ್ನು ನುಣುಪಾಗಿ ಬಿಟ್ಟಿದೆ. ಅರಿವೆಯ ಜೊತೆಗೇ ಆಯುಷ್ಯ ಕಳೆದವಳು ನಾನು. ಇಳಕಲ್ಲಿನ ಸೆರಗನ್ನೂ ಗುಳೇದಗುಡ್ಡದ ಖಣವನ್ನೂ ಕತ್ತಲಲ್ಲಿ ಮುಟ್ಟಿ ಗುರುತು ಹಿಡಿಯಬಲ್ಲೆ. ಈ ಪಟ್ಟಿ ಕೈಗೆ ಬಂದಾಗ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ. ದೊಡ್ಡ ಕಸುಬುದಾರನೊಬ್ಬ ಬೇಡದ್ದನ್ನೆಲ್ಲ ತೆಗೆದು ತೆಗೆದು ಉಳಿಸಿದ ವಸ್ತು ಅದು.

ಇದನ್ನು ತೊಟ್ಟವಳು ನನ್ನ ಮೊಮ್ಮಗಳು. ಚೊಚ್ಚಲು, ಹೆಣ್ಣು, ಹೊಟ್ಟೆಯಲ್ಲಿ ಕೊನೆಯವರೆಗೂ ತಲೆ ಮೇಲಾಗಿಯೇ ಕೂತಿದ್ದವಳು. ಈ ಮೂರೂ ಕೂಡಿದ ಕೂಸುಗಳ ಟೊಂಕದ ಕೀಲನ್ನು ವೈದ್ಯರು ಹೆಚ್ಚಿನ ನಿಗಾ ಇಟ್ಟು ಪರೀಕ್ಷಿಸುತ್ತಾರೆ. ಅವಳ ಎಡತೊಡೆಯ ಎಲುಬಿನ ಗುಂಡು ಕೀಲಿನ ಬಟ್ಟಲಿನಲ್ಲಿ ನೆಲೆಯಾಗಿ ಕೂರದೆ ಜಾರುತ್ತಿತ್ತು. ಹುಬ್ಬಳ್ಳಿಯಲ್ಲಿ ಪಟ್ಟಿ ಕಟ್ಟಿಸಿಕೊಂಡು, ಬಾಣಂತನದ ಹಸಿ ಮೈಯಲ್ಲೇ ಮಗಳು ಧಾರವಾಡದ ನಮ್ಮ ಮನೆಗೆ ಬಂದಳು. ಅಂದಿನಿಂದ ನನ್ನ ಹಗಲೆಲ್ಲ ಅವಳ ಕೈಕೆಲಸ ನೋಡುವುದರಲ್ಲೇ ಕಳೆಯುತ್ತಿದೆ. ಅದರ ರುಚಿಯನ್ನು ಒಬ್ಬಳೇ ಉಣ್ಣುವುದು ಸರಿಯೆನಿಸುತ್ತಿಲ್ಲ.

ಮೊದಲು ಪಟ್ಟಿಯ ಒಳಗುಟ್ಟು ಹೇಳಬೇಕು. ಕೂಸಿನ ಟೊಂಕದ ಬಟ್ಟಲು ಹುಟ್ಟುವಾಗ ಪೂರ್ತಿ ಆಗಿರುವುದಿಲ್ಲ. ಗುಂಡು ಒಳಗೆ ಕೂತು ಆಡುತ್ತ ಆಡುತ್ತಲೇ ಅದು ಆಳವಾಗುತ್ತದೆ. ಕಡುಬಿನ ಕಣಕವನ್ನು ಹೆಬ್ಬೆರಳು ತೀಡಿ ತೀಡಿ ಹೂರಣಕ್ಕೆ ಕುಳಿ ಮಾಡುವಂತೆ, ಗುಂಡು ತನಗೆ ಬೇಕಾದ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಿಂದೆ ಯುರೋಪಿನಲ್ಲಿ ಇಂಥ ಕೀಲನ್ನು ಕೈಬಲದಿಂದ ಕೂರಿಸಿ, ಕಾಲು ಅಗಲಿಸಿ, ಗಟ್ಟಿ ಪ್ಲಾಸ್ಟರಿನಲ್ಲಿ ತಿಂಗಳುಗಟ್ಟಲೆ ಬಿಗಿಯುತ್ತಿದ್ದರು. ಆ ಬಿಗಿತಕ್ಕೆ ರಕ್ತ ಹರಿಯದೆ ಎಷ್ಟೋ ಮಕ್ಕಳಲ್ಲಿ ಗುಂಡಿನ ಎಲುಬೇ ಸತ್ತುಹೋಗುತ್ತಿತ್ತು. ಚೆಕ್ ನಾಡಿನ ಮೂಳೆವೈದ್ಯ ಆರ್ನಾಲ್ಡ್ ಪಾವ್ಲಿಕ್ 1940ರ ದಶಕದಲ್ಲಿ ಚರ್ಮದ ಪಟ್ಟಿಗಳಿಂದ ಬೇರೊಂದು ದಾರಿ ಹೊಲಿದರು. ಮುಂದಿನ ಪಟ್ಟಿ ಮಂಡಿಯನ್ನು ಮೇಲಕ್ಕೆ ಹಿಡಿದಿರುತ್ತದೆ. ಹಿಂದಿನ ಪಟ್ಟಿ ಸಡಿಲ. ಎರಡು ಮಂಡಿ ತೀರ ಹತ್ತಿರ ಬರದಂತೆ ತಡೆಯುವಷ್ಟೇ ಅದರ ಕೆಲಸ. ಉಳಿದ ಬಯಲೆಲ್ಲ ಕೂಸಿನದು. ಅಲ್ಲಿ ಅದು ಒದೆಯಬಹುದು, ಕಾಲು ಹೊರಳಿಸಬಹುದು, ಸಿಟ್ಟು ಬಂದರೆ ಬಡಿಯಬಹುದು. ಒಂದೊಂದು ಒದೆತವೂ ಗುಂಡನ್ನು ಬಟ್ಟಲಿನೊಳಗೆ ಮೆಲ್ಲಗೆ ತಿರುಗಿಸುತ್ತದೆ. ಆಟವೇ ಇಲ್ಲಿ ಔಷಧ. ಅವರು 1957ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಬರಹದಿಂದ ಈ ವಿದ್ಯೆ ದೂರದೂರಕ್ಕೆ ಹಬ್ಬಿತು. ಚರ್ಮ ಹೋಗಿ ಬಟ್ಟೆ ಬಂತು, ವೆಲ್ಕ್ರೋ ಬಂತು. ವಿನ್ಯಾಸದ ಜೀವ ಮಾತ್ರ ಹಾಗೆಯೇ ಇದೆ.

ಇನ್ನು ಮೈ ಒರೆಸುವ ಹೊತ್ತು. ನಮ್ಮ ಕಡೆ ಕೂಸೆಂದರೆ ಎಣ್ಣೆ-ನೀರು. ಕಾಲು ಚಾಚಿ ಕೂತು, ಕೂಸನ್ನು ಕಣಕಾಲ ಮೇಲೆ ಮಲಗಿಸಿ, ತಂಬಿಗೆ ತಂಬಿಗೆ ಬಿಸಿನೀರು ಎರೆಯುವುದು. ಪಟ್ಟಿ ಹಗಲೂ ರಾತ್ರಿ ಮೈಮೇಲೇ ಇರಬೇಕಾದ ಈ ಕಾಲದಲ್ಲಿ ಅದಿಲ್ಲ. ಅದರ ಜಾಗದಲ್ಲಿ ಮಗಳು ಕಟ್ಟಿಕೊಂಡಿರುವ ಕ್ರಮವಿದೆಯಲ್ಲ, ಅದು ತಾನೇ ಒಂದು ಕಲೆ. ಬೆಳಗಿನ ಎಳೆಬಿಸಿಲು ನಡುಮನೆಯ ಚಾಪೆಗೆ ಬರುವವರೆಗೆ ಕಾಯುತ್ತಾಳೆ. ಪಕ್ಕದಲ್ಲಿ ಎರಡು ಹಿತ್ತಾಳೆ ಬಟ್ಟಲು, ಎರಡರಲ್ಲೂ ಉಗುರುಬೆಚ್ಚಗಿನ ನೀರು. ನನ್ನ ಅವ್ವನ ಹಳೆಯ ಹತ್ತಿ ಸೀರೆಯನ್ನು ಅಂಗೈ ಅಗಲಕ್ಕೆ ಹರಿದ ತುಂಡುಗಳು. ಒಗೆದು ಒಗೆದು ಬೆಣ್ಣೆನುಣುಪಾದ, ನೀರು ಕುಡಿದರೂ ಹಗುರಾಗಿಯೇ ಉಳಿಯುವ ಅರಿವೆ. ಮೊದಲು ಕಣ್ಣು, ಆಮೇಲೆ ಕಿವಿಯ ಹಿಂದು, ಆಮೇಲೆ ಗದ್ದದ ಕೆಳಗಿನ ಮಡಿಕೆ. ಹಾಲು ಜಾರಿ ಹುಳಿವಾಸನೆ ಕೂರುವುದೇ ಅಲ್ಲಿ. ಗದ್ದವನ್ನು ಎತ್ತುವುದಿಲ್ಲ, ಕೂಸು ನಕ್ಕು ತಲೆ ಹಿಂದಕ್ಕೆ ಹಾಕುವವರೆಗೆ ಮಾತಾಡಿಸುತ್ತಾಳೆ. ನಕ್ಕ ಕೂಡಲೇ ಅರಿವೆ ಒಳಹೊಕ್ಕು ಹೊರಬಂದಿರುತ್ತದೆ.

ಆಮೇಲೆ ಪಟ್ಟಿಗಳ ಸರದಿ. ಒಂದನ್ನೂ ಬಿಚ್ಚದೆ, ಒಂದೊಂದರ ಕೆಳಗೂ ಬೆರಳಿಗೆ ಸುತ್ತಿದ ಅರಿವೆಯನ್ನು ಸರಿಸುತ್ತಾಳೆ. ಎದೆಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಆಡಬೇಕು. ದಿನಾ ನೋಡುತ್ತಾಳೆ, ದಿನಾ ನನಗೂ ತೋರಿಸುತ್ತಾಳೆ. "ಅವ್ವಾ, ಎರಡು ಬೆರಳು ಹೊಕ್ಕವು ನೋಡು." ಮಂಡಿಯ ಹಿಂದಿನ ಕುಳಿ, ತೊಡೆಸಂದು, ಹೆಗಲು. ಎಲ್ಲಾದರೂ ಕೆಂಪಗಾಗಿದೆಯೇ ಎಂದು ಬಿಸಿಲಿಗೆ ಓರೆ ಹಿಡಿದು ನೋಡುತ್ತಾಳೆ. ಪಟ್ಟಿಯ ಕೆಳಗೆ ಪೌಡರಿಲ್ಲ, ಎಣ್ಣೆಯಿಲ್ಲ; ಅವು ಬೆವರಿನ ಜೊತೆ ಕಲೆತು ಚರ್ಮ ಕೆರೆಯುತ್ತವೆ. ಒಣಗಿದ ಅರಿವೆಯಿಂದ ಒತ್ತಿ, ಒತ್ತಿ, ತೇವ ತೆಗೆಯುವುದಷ್ಟೆ. ತಿಕ್ಕುವುದಿಲ್ಲ. ಇಷ್ಟಾದ ಮೇಲೆ ಆ ಕೂಸಿನ ಮೈಯಿಂದ ಬರುವ ಪರಿಮಳಕ್ಕೆ ಸಾಬೂನು ಬೇಡ, ಸಾಂಬ್ರಾಣಿ ಬೇಡ. ಬಿಸಿಲು, ಹಾಲು, ಹಳೆಯ ಹತ್ತಿ. ಬಗ್ಗಿ ಮೂಸಿ ನೋಡಿದರೆ ಎದ್ದೇಳಲು ಮನಸ್ಸಾಗುವುದಿಲ್ಲ.

ಲಂಗೋಟಿ ಬದಲಿಸುವುದರಲ್ಲೂ ಅವಳ ಕೈ ನೋಡಬೇಕು. ಎರಡೂ ಪಾದ ಹಿಡಿದು ಮೇಲೆತ್ತುವಂತಿಲ್ಲ. ಎಡಗೈಯನ್ನು ಕೂಸಿನ ಕೆಳಗೆ ಜಾರಿಸಿ, ಅಂಗೈಯ ಮೇಲೆ ಆ ಪುಟ್ಟ ಭಾರವನ್ನು ತೂಗಿಕೊಂಡು, ಬಲಗೈಯಿಂದ ಹಳೆಯದನ್ನು ಎಳೆದು ಹೊಸದನ್ನು ಹಾಸುತ್ತಾಳೆ. ಲಂಗೋಟಿ ಪಟ್ಟಿಯ ಒಳಗಡೆಯಿಂದ ಹಾಯಬೇಕು, ಇಲ್ಲದಿದ್ದರೆ ಪಟ್ಟಿ ತೋಯುತ್ತದೆ. ಇದೆಲ್ಲ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಜೋಳದ ರೊಟ್ಟಿ ಬಡಿಯುವ ಒಳ್ಳೆಯ ಕೈಯಲ್ಲಷ್ಟೇ ನಾನು ಆ ಹದ ಕಂಡಿದ್ದೇನೆ.

ಮೊದಮೊದಲು ಸುಲಭವಿರಲಿಲ್ಲ. ಹೊಸ ಪಟ್ಟಿಗೆ ಕೂಸು ರಾತ್ರಿಯಿಡೀ ಕಿರಿಕಿರಿ ಮಾಡಿತು, ತಾಯಿ ಅತ್ತಳು. ಕೆಲದಿನಕ್ಕೆ ಇಬ್ಬರಿಗೂ ಒಗ್ಗಿತು.

ಹಾಲೂಡಿಸುವ ಭಂಗಿಯನ್ನು ಅವಳು ತಾನೇ ಹುಡುಕಿಕೊಂಡಳು. ಅಡ್ಡ ಮಲಗಿಸಿಕೊಂಡರೆ ಕೂಸಿನ ಒಂದು ಮಂಡಿ ತಾಯಿಯ ಹೊಟ್ಟೆಗೆ ಒತ್ತಿ ಒಳಸರಿಯುತ್ತದೆ. ಅದಕ್ಕೆ ತನ್ನ ತೊಡೆಯ ಮೇಲೆ ಕುದುರೆ ಕೂರಿಸಿಕೊಳ್ಳುತ್ತಾಳೆ. ಆಚೆಗೊಂದು ಕಾಲು, ಈಚೆಗೊಂದು ಕಾಲು, ಎದುರಿಗೆ ಎದೆ. ಕತ್ತಿನ ಹಿಂದೆ ಅಂಗೈಯ ಆಸರೆ. ಅಷ್ಟು ಎಳೆಗೂಸು ಅಷ್ಟು ನೆಟ್ಟಗೆ ಕೂತು, ತಾಯಿಯ ಮುಖಕ್ಕೆ ಮುಖ ಕೊಟ್ಟು ಹಾಲು ಕುಡಿಯುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಕುಡಿಯುತ್ತ ಕುಡಿಯುತ್ತ ಕಣ್ಣು ಮೇಲೆತ್ತುತ್ತದೆ. ಇವಳು ಕಣ್ಣು ಇಳಿಸುತ್ತಾಳೆ. ಗುಟುಕು ನಿಲ್ಲುತ್ತದೆ. ಇಬ್ಬರೂ ಸುಮ್ಮನೆ ನೋಡಿಕೊಳ್ಳುತ್ತಾರೆ. ಆಮೇಲೆ ರಿಕಾಪಿನಲ್ಲಿದ್ದ ಪಾದ ಸಣ್ಣಗೆ ಅಲುಗುತ್ತದೆ, ಮತ್ತೆ ಗುಟುಕು.

ಆ ಪಾದದ ಅಲುಗಾಟದ ಮೇಲೆ ಅವಳ ಒಂದು ಕಣ್ಣು ಸದಾ ಇರುತ್ತದೆ. ಮಂಡಿ ಅತಿಯಾಗಿ ಮೇಲೇರಿದರೆ ತೊಡೆಯ ನರ ಒತ್ತಿ, ಕೂಸು ಆ ಕಾಲು ಒದೆಯುವುದನ್ನೇ ನಿಲ್ಲಿಸಬಹುದು. ಹಾಗೆ ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ಪಟ್ಟಿಯ ಅಳತೆಯನ್ನು ವೈದ್ಯರೇ ಹೊಂದಿಸಿ, ಪೆನ್ನಿನಿಂದ ಗೆರೆ ಎಳೆದು ಕಳಿಸಿರುತ್ತಾರೆ. ಮನೆಯಲ್ಲಿ ಆ ಗೆರೆ ದಾಟಿಸುವಂತಿಲ್ಲ. ತಾಯಿಯ ಕಣ್ಣಿಗೆ ಈ ವಿದ್ಯೆಯಲ್ಲಿ ಹಳೆಯ ಮರ್ಯಾದೆಯಿದೆ. ಎಳೆಗೂಸಿನ ಟೊಂಕ ಪರೀಕ್ಷಿಸುವ ಹೆಸರಾಂತ ಕ್ರಮವನ್ನು 1937ರಲ್ಲಿ ಬರೆದಿಟ್ಟವರು ಇಟಲಿಯ ಫೆರಾರಾ ಊರಿನ ಮಕ್ಕಳ ವೈದ್ಯ ಮಾರಿನೋ ಒರ್ತೋಲಾನಿ. ಕೂಸನ್ನು ತೊಳೆಯುವಾಗ ಟೊಂಕದಲ್ಲಿ ಏನೋ 'ಕಳಕ್' ಅನ್ನುತ್ತದೆ ಎಂದು ಅವರಿಗೆ ಸುಳಿವು ಕೊಟ್ಟವಳು ಒಬ್ಬ ತಾಯಿ. ಅವಳ ಮಾತನ್ನು ತಳ್ಳಿಹಾಕದ ಆ ವೈದ್ಯರ ಬಗ್ಗೆ ನನಗೆ ತುಂಬ ಗೌರವ.

ಇನ್ನು ನನ್ನ ಪಾಲಿನ ಕೆಲಸ, ಹೊಲಿಗೆ. ರಿಕಾಪಿನೊಳಗೆ ಮಂಡಿ ಮುಟ್ಟುವ ಉದ್ದನೆಯ ಕಾಲ್ಚೀಲ ಬೇಕು. ಹೊಲಿಗೆಯ ಏಣು ಒಳಗಿದ್ದರೆ ಹಿಮ್ಮಡಿಗೆ ಚುಚ್ಚುತ್ತದೆಂದು ಹೊರಗೆ ತಿರುಗಿಸಿ ಹೊಲಿದೆ. ಎದೆಪಟ್ಟಿಯ ಕೆಳಗೆ ತೆಳು ಹತ್ತಿಯ ಝಬಲಾ, ಮುಂದೆ ಕಟ್ಟುವಂಥದ್ದು. ಪಟ್ಟಿಯ ಮೇಲೆ ಹಾಕುವ ಅಂಗಿಗೆ ಕೆಳಗೆ ಬೇಕಾದಷ್ಟು ಘೇರು. ಮಂಡಿ ಎರಡೂ ಬದಿಗೆ ಚಾಚಿದರೂ ಅರಿವೆ ಎಳೆಯಬಾರದು. ಹೆಸರಿಡುವ ದಿನಕ್ಕೆ ಗುಳೇದಗುಡ್ಡದ ಖಣದಲ್ಲಿ ಕುಂಚಿಗೆ ಹೊಲಿದೆ. ದಾಳಿಂಬೆ ಬಣ್ಣದ ಒಡಲು, ಒತ್ತಾಗಿ ಕೂತ ಚಿಕ್ಕಚಿಕ್ಕ ಬುಟ್ಟಾ, ಬೆರಳಿಗೆ ಎಡತಾಕುವ ಆ ಉಬ್ಬುನೇಯ್ಗೆ. ತಲೆಯ ಮೇಲೆ ಚೂಪಾಗಿ ನಿಂತು ಬೆನ್ನ ಮೇಲೆ ಹರಡಿಕೊಳ್ಳುವ ಕುಂಚಿಗೆಗೆ ಕಾಲಿನ ಉಸಾಬರಿಯೇ ಇಲ್ಲ. ನಮ್ಮ ಹಿರಿಯರು ಅದನ್ನು ಈ ಕೂಸಿನ ಅಳತೆಗೇ ಕಂಡುಹಿಡಿದಿದ್ದರೇನೋ ಅನ್ನುವಷ್ಟು ಒಪ್ಪಿತು.

ತೊಟ್ಟಿಲೂ ಹಾಗೆಯೇ ಒದಗಿತು. ಸೀರೆಯ ಜೋಳಿಗೆಯಲ್ಲಿ ಮಲಗಿಸಿದರೆ ಅರಿವೆ ಎರಡೂ ಕಡೆಯಿಂದ ಒತ್ತಿ ಮಂಡಿಗಳು ಕೂಡುತ್ತವೆ. ಅಟ್ಟದ ಮೇಲೆ ನಮ್ಮ ಮನೆತನದ ಕಲಘಟಗಿ ತೊಟ್ಟಿಲು ಇತ್ತು. ತೇಗದ ಸಪಾಟು ತಳ, ಅಗಲ ಒಡಲು, ಸುತ್ತ ಕೃಷ್ಣನ ಬಾಲಲೀಲೆಯ ಚಿತ್ರ. ಕೆಂಪು, ಹಳದಿ, ಹಸಿರು ಇವತ್ತಿಗೂ ಮಾಸಿಲ್ಲ. ಮೆರುಗಿನ ಮೇಲೆ ಬೆಳಕು ಬಿದ್ದರೆ ಬಣ್ಣ ಇನ್ನೂ ಹಸಿಯಾಗಿದೆಯೇನೋ ಅನಿಸುತ್ತದೆ. ಅದರೊಳಗೆ ಕೂಸು ಬೆನ್ನ ಮೇಲೆ ಮಲಗಿ, ಕಾಲು ಅಗಲಿಸಿ, ಇಡೀ ಅಗಲವನ್ನು ತನ್ನದಾಗಿಸಿಕೊಂಡಿತು. ಹೆಸರಿಟ್ಟ ದಿನ ಹೆಂಗಸರೆಲ್ಲ ಸುತ್ತುಗಟ್ಟಿದರು, ಸೋದರತ್ತೆ ಬಗ್ಗಿ ಕಿವಿಯಲ್ಲಿ 'ಕುರ್ರ್' ಅಂದಳು, ಅವಳ ಬೆನ್ನ ಮೇಲೆ ಗುದ್ದುಗಳು ಬಿದ್ದವು. ಗದ್ದಲಕ್ಕೆ ಹಿಗ್ಗಿ ಕೂಸು ಎರಡೂ ಕಾಲು ಝಾಡಿಸಿತು. ಪಟ್ಟಿ ನೋಡಿ ಮರುಗಲು ಬಂದ ಓಣಿಯ ಹಿರಿಯಳೊಬ್ಬಳು ಆ ಒದೆತ ನೋಡಿ ನಕ್ಕುಬಿಟ್ಟಳು.

ಹೊರಗೆ ಹೋಗುವಾಗ ಮಗಳು ಕೂಸನ್ನು ಮೈಗೆ ಎದುರಾಗಿ, ಕಾಲು ಅಗಲಿಸಿ ಎತ್ತಿಕೊಳ್ಳುತ್ತಾಳೆ. ಕತ್ತು ಗಟ್ಟಿಯಾದಂತೆ ಅದೇ ಕೂಸು ಬಗಲಿಗೆ ಬಂತು. ತಾಯಿಯ ಟೊಂಕದ ಎಲುಬಿನ ಮೇಲೆ ಕೂಸಿನ ತೊಡೆ ಎರಡೂ ಬದಿಗೆ ಇಳಿಬಿದ್ದು, ಮಂಡಿ ತುಸು ಮೇಲಾಗಿ ನಿಲ್ಲುವ ಆ ಠೀವಿ. ನೀರಿಗೆ ಹೋಗುವಾಗ, ಸಂತೆಗೆ ಹೋಗುವಾಗ ನಮ್ಮ ಹೆಂಗಸರು ತಲೆತಲಾಂತರದಿಂದ ಮಕ್ಕಳನ್ನು ಹೊತ್ತದ್ದು ಹೀಗೆಯೇ. ಪಾವ್ಲಿಕ್ ಪಟ್ಟಿ ಹಿಡಿದಿಡುವ ಭಂಗಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಕಾಲನ್ನು ನೀಟಾಗಿ ಚಾಚಿಸಿ ಬಿಗಿಯಾಗಿ ಸುತ್ತುವ ರೂಢಿಯಿದ್ದ ಕಡೆ ಟೊಂಕದ ಕೀಲು ಜಾರುವ ಈ ತೊಂದರೆ ಹೆಚ್ಚು. ಜಪಾನಿನಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಕೂಸುಗಳಿಗೆ ಇದು ಇತ್ತು. ಕಾಲು ಚಾಚಿಸಿ ಸುತ್ತಬೇಡಿರೆಂದು 1975ರ ಸುಮಾರಿಗೆ ಅಲ್ಲಿ ಅಜ್ಜಿಯರಿಗೂ ತಾಯಂದಿರಿಗೂ ತಿಳಿಹೇಳತೊಡಗಿದ ಮೇಲೆ ಸಾವಿರಕ್ಕೆ ಎರಡರೊಳಗೆ ಇಳಿಯಿತು. ಬಗಲ ಕೂಸನ್ನು ನಾನು ಯಾವತ್ತೂ ಚೆಂದವೆಂದೇ ನೋಡಿದ್ದೆ. ಅದರ ಬೆಲೆ ಇಷ್ಟು ದೊಡ್ಡದೆಂದು ಈಗ ತಿಳಿಯಿತು.

ತಪಾಸಣೆಯ ದಿನ ಅಲ್ಟ್ರಾಸೌಂಡ್ ಕೋಣೆಯಲ್ಲಿ ನಾನೂ ನಿಲ್ಲುತ್ತೇನೆ. ಆ ವಯಸ್ಸಿಗೆ ಗುಂಡು ಇನ್ನೂ ಮೆತ್ತೆಲುಬು, ಎಕ್ಸ್‌ರೇಗೆ ಸರಿಯಾಗಿ ಕಾಣದು. ಆಸ್ಟ್ರಿಯಾದ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ತೋರಿಸಿಕೊಟ್ಟ ದಾರಿಯಲ್ಲಿ ಶಬ್ದದ ಅಲೆಗಳಿಂದಲೇ ಅದರ ಚಿತ್ರ ತೆಗೆದು, ಬಟ್ಟಲಿನ ಛಾವಣಿಯ ಕೋನ ಅಳೆಯುತ್ತಾರೆ. 60 ಡಿಗ್ರಿ ಮುಟ್ಟಿದರೆ ಬಟ್ಟಲು ಪಕ್ವವಾದಂತೆ. ಬೂದು ತೆರೆಯ ಮೇಲೆ ಮೊದಲು ಮಂಜು, ಆಮೇಲೆ ನೆಟ್ಟಗಿನ ಬಿಳಿ ಗೆರೆ, ಆಮೇಲೆ ಅದರ ಕೆಳಗೆ, ನಿಧಾನವಾಗಿ, ಆ ದುಂಡು. ಹಿಂದಿನ ಸಲ ಅರ್ಧ ಹೊರಗಿದ್ದದ್ದು ಈ ಸಲ ಒಳಗೆ ಸೇರಿತ್ತು. ವೈದ್ಯೆ ಕೋನ ಅಳೆದು ಅಂಕಿ ಓದಿದರು: 62. ಮಗಳು ನನ್ನ ಕೈ ಹಿಡಿದಳು. ಮೇಜಿನ ಮೇಲಿದ್ದವಳು ವೈದ್ಯೆಯ ಮುಂಗೈಗೆ ಎಡಗಾಲಿನಿಂದಲೇ ಒದ್ದಳು.

ಇನ್ನು ಕೆಲವು ವಾರ ರಾತ್ರಿ ಮಾತ್ರ ಪಟ್ಟಿ ಇರಲಿ ಅಂದಿದ್ದಾರೆ. ಆರು ತಿಂಗಳು ತುಂಬಿದಾಗ ಒಂದು ಎಕ್ಸ್‌ರೇ. ಹಗಲಿಗೆ ಮಗಳು ಎಣ್ಣೆ-ನೀರಿನ ಸಿದ್ಧತೆ ನಡೆಸಿದ್ದಾಳೆ. ಕಾಲು ಜಗ್ಗುವುದಿಲ್ಲ, ಮಂಡಿ ಅವಳಿಗೆ ಬೇಕಾದಂತೆ ಮಡಚಿರಲಿ, ನೀರು ಮಾತ್ರ ನೀನೇ ಎರಿ ಅಂದಿದ್ದಾಳೆ. ನಾನು ಹಂಡೆ ಬೆಳಗಿಟ್ಟಿದ್ದೇನೆ. ಮಿಕ್ಕ ಖಣದ ತುಂಡಿನಲ್ಲಿ ಅಂಗಿಯೊಂದನ್ನು ಕತ್ತರಿಸಿದ್ದೂ ಆಯಿತು, ಈ ಸಲ ಘೇರು ಇನ್ನೂ ಒಂದು ಗೇಣು ಹೆಚ್ಚಿಗೆ ಬಿಟ್ಟು.